ನಿಮಿಷಕ್ಕೆ ಮೂರು

ಲೆಕ್ಕದಮ್ಮನ ಬಾಯಲ್ಲಿ ‘ಸುಮಾರು’ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಇಡೀ ಶಾಲೆ ಆಕೆಯನ್ನು ಕರೆಯುತ್ತಿದ್ದುದೇ ಲೆಕ್ಕದಮ್ಮ ಎಂದು. ಮೂವತ್ತು ವರ್ಷ ಅಕ್ಕಪಕ್ಕದ ಕೋಣೆಗಳಲ್ಲಿ ನಾನು ಭಾಷೆ ಕಲಿಸಿದೆ, ಆಕೆ ಗಣಿತ. ಸೀಮೆಸುಣ್ಣದ ಚೂರುಗಳಿಂದ ಜೋತುಬಿದ್ದ ಕೋಟಿನ ಜೇಬನ್ನು ಒಂದು ಕೈಯಲ್ಲಿ ಹಿಡಿದು, ಕತ್ತು ಮುಂದೆ ಚಾಚಿ ಬಿರಬಿರನೆ ನಡೆದುಬರುತ್ತಿದ್ದ ಆಕೆ, ತುಂಬುವ ತೊಟ್ಟಿಯಾಗಲಿ ಕರಗುವ ಮೇಣದಬತ್ತಿಯಾಗಲಿ, ಎಲ್ಲದಕ್ಕೂ ಎರಡೇ ಪ್ರಶ್ನೆ ಹಾಕುತ್ತಿದ್ದಳು: “ಶುರುವಲ್ಲಿ ಎಷ್ಟಿತ್ತು? ನಿಮಿಷಕ್ಕೆ ಎಷ್ಟು?” ಉತ್ತರ ಸಿಕ್ಕಿತೋ, ಬೋರ್ಡಿನ ಮೇಲೆ ಒಂದು ಸಾಲಿನ ಸಮೀಕರಣ. “ಈಗ ಯಾವ ನಿಮಿಷ ಬೇಕಾದ್ರೂ ಕೇಳಿ, ಹೇಳ್ತೀನಿ” ಎಂದು ಮಕ್ಕಳತ್ತ ತಿರುಗುವಾಗಿನ ಗತ್ತು ನೋಡಬೇಕಿತ್ತು.

“ನಿನ್ನ ಕೋಪಕ್ಕೂ ಒಂದು ಬರೆದುಬಿಡು ತಾಯಿ” ಎಂದು ನಾನು ರೇಗಿಸಿದರೆ, “ಅದಕ್ಕೆ ಶುರು ಎಲ್ಲಿ ಅಂತಲೇ ಗೊತ್ತಾಗಲ್ಲ ಕಣೋ” ಎಂದು ನಗುತ್ತಿದ್ದಳು.

ನನ್ನ ಅಮ್ಮನಿಗೆ ಉಸಿರು ಕಟ್ಟಿದ ಮಧ್ಯಾಹ್ನ ಆಂಬುಲೆನ್ಸಿಗೆ ನನ್ನ ಜೊತೆ ಹತ್ತಿದವಳೂ ಆಕೆಯೇ. ದೊಡ್ಡಾಸ್ಪತ್ರೆಗೆ ಒಂದು ಗಂಟೆಯ ದಾರಿ. ನಾನು ಅಮ್ಮನ ಮುಖ ನೋಡುತ್ತಿದ್ದೆ. ಆಕೆ, ಗಾಡಿಯಲ್ಲಿದ್ದ ಒಂದೇ ಒಂದು ಆಕ್ಸಿಜನ್ ಸಿಲಿಂಡರಿನ ಮುಳ್ಳನ್ನು. ಹೊರಟಾಗ ನೂರಿಪ್ಪತ್ತು, ಹತ್ತನೇ ನಿಮಿಷಕ್ಕೆ ತೊಂಬತ್ತು. ಕಾಗದ ಸಿಗದೆ ಕೋಟಿನ ತೋಳಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದಳು: ಉಳಿದದ್ದು = ೧೨೦ − ೩ × ನಿಮಿಷ.

“ಅಣ್ಣಾ, ಗಾಡಿ ತಿರುಗಿಸಿ. ನಲವತ್ತನೇ ನಿಮಿಷಕ್ಕೆ ಸೊನ್ನೆ. ಸೇತುವೆ ಪಕ್ಕದ ಚಿಕ್ಕಾಸ್ಪತ್ರೆಗೆ ಇಲ್ಲಿಂದ ಇಪ್ಪತ್ತೇ ನಿಮಿಷ. ಅಲ್ಲಿ ಮುಟ್ಟಿದಾಗ ಇನ್ನೂ ಮೂವತ್ತಿರತ್ತೆ.”

“ಮುಕ್ಕಾಲು ಭಾಗ ಹಾಗೇ ಇದೆಯಲ್ಲಮ್ಮ!” ಎಂದ ಚಾಲಕ. “ಹನ್ನೆರಡು ವರ್ಷದಿಂದ ಓಡಿಸ್ತಿದ್ದೀನಿ. ನಿಮ್ಮ ಪಾಠ ಶಾಲೇಲಿ ಇಟ್ಕೊಳ್ಳಿ.”

“ಶಾಲೇಲಿ ತಪ್ಪಾದ್ರೆ ಒಂದು ಮಾರ್ಕ್ಸ್ ಹೋಗತ್ತೆ. ತಿರುಗಿಸಿ.”

ತಿರುಗಿಸಿದ. ಚಿಕ್ಕಾಸ್ಪತ್ರೆಯ ಮುಂದೆ ಬಾಗಿಲು ತೆರೆದಾಗ ಮುಳ್ಳು ಮೂವತ್ತರ ಮೇಲೆ ನಿಂತಿತ್ತು. ಚಾಲಕ ಅದನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿ, ಸ್ಟ್ರೆಚರಿಗೆ ಕೈಹಾಕಿದ. ಅಮ್ಮ ಇನ್ನೂ ಆರು ವರ್ಷ ಬದುಕಿದಳು.

ಆಮೇಲೆ ಪಡಸಾಲೆಯ ಬೆಂಚಿನ ಮೇಲೆ ಕೂತಾಗ ಆ ತೋಳನ್ನು ನೋಡಿದೆ. ಸ್ಕೇಲಿಲ್ಲದೆ ಬೋರ್ಡಿನುದ್ದ ಗೆರೆ ಎಳೆಯುತ್ತಿದ್ದ ಕೈ ಬರೆದ ಅಂಕಿಗಳವು. ಒಂದೊಂದೂ ಸೊಟ್ಟಸೊಟ್ಟ, ನಡುಗಿದ ಗುರುತು. ದಾರಿಯುದ್ದಕ್ಕೂ ನನಗೆ ಅದು ತಿಳಿಯಲೇ ಇಲ್ಲ.

ಲೆಕ್ಕದಮ್ಮ ತೀರಿಹೋಗಿ ಇಂದಿಗೆ ಹತ್ತೊಂಬತ್ತು ದಿನ. ಇಂಥವರನ್ನು ಒಣ ಲೆಕ್ಕದ ಮಂದಿ ಎಂದು ನಾವು ಗೇಲಿ ಮಾಡಿಕೊಂಡಿರುತ್ತೇವೆ. ಎದೆ ನಮ್ಮಷ್ಟೇ ಹೊಡೆದುಕೊಳ್ಳುತ್ತಿದ್ದರೂ ಅವರು ಕಣ್ಣು ಮುಚ್ಚುವುದಿಲ್ಲ. ಹೋಗುತ್ತಿರುವುದು ಎಷ್ಟೆಂದು ನೆಟ್ಟಗೆ ನೋಡಿ, ಉಳಿದಿರುವಷ್ಟರಲ್ಲೇ ತಲುಪಬಹುದಾದ ಬಾಗಿಲೊಂದನ್ನು ಹುಡುಕುತ್ತಾರೆ.