ಏಳು ಮನೆಗಳ ಕಬ್ಬಿಣದ ಬಳೆ

ಅತ್ತಿಗೆ ಬಂದಿದ್ದು ಸಮುದ್ರ ನೋಡೋದಕ್ಕೆ. ನಾದಿನಿ ಬಂದಿದ್ದು ಅತ್ತಿಗೆಯ ಒತ್ತಾಯಕ್ಕೆ. ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಊರೂರು ಅಳೆದು, ಹೋದ ತಿಂಗಳಷ್ಟೇ ನಿವೃತ್ತಿಯಾದ ನಾದಿನಿಗೆ ಮರಳ ಮೇಲೆ ಸುಮ್ಮನೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ರಜೆಗೆ ಬಂದವರೆಲ್ಲ ನೀರಿನ ಕಡೆ ಹೊರಟರೆ, ಇವಳು ಸಮುದ್ರಕ್ಕೆ ಬೆನ್ನು ಹಾಕಿ ಗಲ್ಲಿಗಳೊಳಗೆ ನುಗ್ಗಿದಳು.

ಎರಡನೇ ದಿನ ಬೆಳಗ್ಗೆ, ದಡದಿಂದ ಅರ್ಧ ಮೈಲಿ ಒಳಗಿದ್ದ ಓಣಿಯೊಂದರಲ್ಲಿ, ಹಳೇ ಮನೆಯ ಕಲ್ಲುಗೋಡೆಗೆ ಹೂತಿದ್ದ ದಪ್ಪ ಕಬ್ಬಿಣದ ಬಳೆ ಕಣ್ಣಿಗೆ ಬಿತ್ತು. ಪಕ್ಕದ ಮನೆಗೂ ಒಂದು. ಸಾಲಾಗಿ ಏಳು ಮನೆಗೆ ಏಳು ಬಳೆ, ಒಂದೇ ಮಗ್ಗುಲಿಗೆ. ಎದುರು ಸಾಲಿನ ಮನೆಗಳು ಆಮೇಲೆ ಕಟ್ಟಿದವು, ಅಲ್ಲಿ ಒಂದೂ ಇರಲಿಲ್ಲ. ಮೊದಲ ಮನೆಯಲ್ಲಿ ಬಳೆ ಮಂಡಿಯೆತ್ತರಕ್ಕಿತ್ತು. ಕೊನೆಯ ಮನೆಗೆ ಬರುವಷ್ಟರಲ್ಲಿ ಸೊಂಟದೆತ್ತರಕ್ಕೆ ಬಂದಿತ್ತು.

ಊರಿನ ಮ್ಯೂಸಿಯಂ ಇದ್ದದ್ದು ಹಳೇ ಸುಂಕದ ಕಚೇರಿಯ ಮಹಡಿಯಲ್ಲಿ. ಒಂದು ಲಂಗರು, ಗಾಜೊಡೆದ ದೂರದರ್ಶಕ, ಹಳೇ ಕಾಲದ ಪ್ರವಾಸಿಗರ ಫೋಟೋಗಳು. ನೋಡಿಕೊಳ್ಳುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರಿಗಿಂತ ಮುಂಚೆ ಅವರ ಅಪ್ಪ ನೋಡಿಕೊಳ್ಳುತ್ತಿದ್ದರಂತೆ. ಆ ಓಣಿಯ ಫೋಟೋದ ಕೆಳಗೆ ಅಪ್ಪನ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: ‘ಕುದುರೆ ಕಟ್ಟಲು ಬಳಸುತ್ತಿದ್ದ ಬಳೆಗಳು.’

ಒಂದು ಮನೆಯ ಮುಂದೆ ಕುಳ್ಳ ಕುದುರೆ, ಇನ್ನೊಂದರ ಮುಂದೆ ಎತ್ತರದ್ದು ಬರುತ್ತಿತ್ತೇ ಎಂದು ನಾದಿನಿ ಕೇಳಿದಳು. ರಸ್ತೆ ಎತ್ತರಿಸಿರಬೇಕು ಎಂದರು ಮೇಷ್ಟ್ರು. ಹಾಗಿದ್ದರೆ ಬಾಗಿಲು ತಗ್ಗಿನಲ್ಲಿರಬೇಕಿತ್ತು, ಎಲ್ಲಾ ಮನೆಗೂ ಮೂರು ಮೂರು ಮೆಟ್ಟಿಲು ಹತ್ತಬೇಕಲ್ಲ ಎಂದಳು ಇವಳು. ಅವರು ಮ್ಯೂಸಿಯಂ ನೋಡಿಕೊಂಡ ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮೇಷ್ಟ್ರಿಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಕುತೂಹಲ ಅದಕ್ಕಿಂತ ದೊಡ್ಡದಾಗಿತ್ತು. ಮ್ಯೂಸಿಯಮ್ಮಿಗೆ ಬೀಗ ಹಾಕಿ ಜೊತೆಗೆ ಹೊರಟರು.

ಇವರು ಇಳಿದುಕೊಂಡಿದ್ದ ಲಾಡ್ಜಿನಲ್ಲಿ ಗಾರೆ ಕೆಲಸ ನಡೆದಿತ್ತು. ನಾದಿನಿ ಮೇಸ್ತ್ರಿಯನ್ನು ಕೇಳಿ, ಮಟ್ಟ ನೋಡಲು ಇಟ್ಟಿದ್ದ ನೀರು ತುಂಬಿದ ಪಾರದರ್ಶಕ ಪೈಪನ್ನು ಎರವಲು ತಂದಳು. ಮಧ್ಯಾಹ್ನದ ನಿದ್ದೆಗೆ ಹೊರಟಿದ್ದ ಅತ್ತಿಗೆಯ ಕೈಗೆ ಸೀಮೆಸುಣ್ಣ ಬಂತು.

ಪೈಪಿನ ಒಂದು ತುದಿಯನ್ನು ಮೇಷ್ಟ್ರು ಮೊದಲ ಬಳೆಗೆ ಹಿಡಿದರು, ಇನ್ನೊಂದನ್ನು ನಾದಿನಿ ಎರಡನೆಯದಕ್ಕೆ. ನೀರು ಕುಲುಕಾಡಿ ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಂತಿತು. ಅತ್ತಿಗೆ ಗೆರೆ ಎಳೆದಳು. ಹೀಗೇ ಒಂದೊಂದೇ ಮನೆ ದಾಟುತ್ತಾ ಹೋದರು. ನೆಲ ಇಳಿಯುತ್ತಲೇ ಇತ್ತು, ಆದರೆ ಬಳೆ ಮಾತ್ರ ಒಂದು ಬೆರಳಗಲವೂ ಮೇಲೆಕೆಳಗೆ ಆಗಲಿಲ್ಲ. ಏಳನೇ ಮನೆಯ ಮುಂದೆ ಮೇಷ್ಟ್ರು ಪೈಪನ್ನು ಕೆಳಗಿಟ್ಟರು.

“ಇವನ್ನ ಹಾಕಿದವರು ನೆಲ ನೋಡಿ ಹಾಕಿಲ್ಲ ಮೇಷ್ಟ್ರೇ,” ಎಂದಳು ನಾದಿನಿ. “ನೀರು ನೋಡಿ ಹಾಕಿದಾರೆ. ಇಲ್ಲಿ ದೋಣಿ ಕಟ್ತಿದ್ರು ಅಂತ ಕಾಣುತ್ತೆ.”

ಅಷ್ಟರಲ್ಲಿ ಆ ಮನೆಯ ಇಸ್ತ್ರಿ ಅಂಗಡಿಯವಳು ಹೊರಗೆ ಬಂದು, ತನ್ನ ಗೋಡೆಯ ಮೇಲೆ ಯಾಕೆ ಗೆರೆ ಎಳೆಯುತ್ತಿದ್ದೀರಿ ಎಂದು ವಿಚಾರಿಸಿದಳು. ಸಂಗತಿ ತಿಳಿದ ಮೇಲೆ, ಮನೆ ಮುಂದೆ ನೀರಿನ ಸಂಪು ಅಗೆಸಿದಾಗ ಕಪ್ಪು ಕೆಸರು, ಬುಟ್ಟಿಗಟ್ಟಲೆ ಚಿಪ್ಪು ಸಿಕ್ಕಿದ್ದವು, ವಾಸನೆಗೆ ಎರಡು ದಿನ ಊಟ ಸೇರಲಿಲ್ಲ ಎಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಬರುತ್ತೇನೆ ಎಂದಷ್ಟೇ ಹೇಳಿ ಹೊರಟುಹೋದರು.

ಮರುದಿನ ಮ್ಯೂಸಿಯಂ ತೆರೆದಿರಲಿಲ್ಲ. ಹನ್ನೊಂದಾದರೂ ಸುಳಿವಿಲ್ಲ. ಪಾಪ, ವಯಸ್ಸಾದವರ ಮನಸ್ಸು ನೋಯಿಸಿದೆ, ನಿನ್ನ ಅಳತೆಗೆ ಅಳತೆಯೇ ಇಲ್ಲವಲ್ಲ ಎಂದು ಅತ್ತಿಗೆ ಬೈದಳು. ನಾದಿನಿಗೂ ಒಳಗೊಳಗೇ ಚುರುಕ್ಕೆಂದಿತ್ತು. ಕ್ಷಮೆ ಕೇಳೋಣವೆಂದು ಅವರ ಮನೆಯನ್ನು ಹುಡುಕಿಕೊಂಡು ಹೋಗುತ್ತಿದ್ದಾಗ, ಆ ಓಣಿಯಿಂದ ಎರಡು ಬೀದಿ ಆಚೆ, ಕ್ಷೌರದ ಅಂಗಡಿಯೊಳಗಿಂದ ಮೇಷ್ಟ್ರೇ ಕೈಬೀಸಿ ಕರೆದರು. ಬೆಳಗ್ಗೆಯಿಂದ ಹದಿನೆಂಟು ಮನೆಯ ಬಾಗಿಲು ತಟ್ಟಿದ್ದರಂತೆ. ಪ್ಯಾಂಟಿನ ಅಂಚೆಲ್ಲ ಧೂಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೇ ಕಲ್ಲುಗೋಡೆಗೆ ಅಂಥದ್ದೇ ಒಂದು ಬಳೆ ಇತ್ತು. ಕ್ಷೌರಿಕ ಅದಕ್ಕೆ ಒದ್ದೆ ಟವೆಲ್ ನೇತುಹಾಕಿದ್ದ. ತನ್ನ ತಾತನೂ ಅಲ್ಲೇ ಹಾಕುತ್ತಿದ್ದ, ಯಾಕಿದೆ ಅಂತ ಯಾರು ಯೋಚಿಸುತ್ತಾರೆ ಎಂದ.

“ಪೈಪ್ ತರ್ತೀರಾ?” ಎಂದರು ಮೇಷ್ಟ್ರು.

ಎರಡು ಬೀದಿ ಸುತ್ತಿ, ಗೋಡೆಯಿಂದ ಗೋಡೆಗೆ ಮಟ್ಟ ಸಾಗಿಸಿ ತರಲು ಎರಡು ಗಂಟೆ ಹಿಡಿಯಿತು. ಮೇಸ್ತ್ರಿಯೂ ಕುತೂಹಲ ತಡೆಯಲಾರದೆ ಕರಣೆ ಹಿಡಿದೇ ಬಂದಿದ್ದ. ಕೊನೆಗೆ ಪೈಪಿನ ನೀರು ಕ್ಷೌರದ ಅಂಗಡಿಯ ಬಳೆಯ ಅಂಚಿಗೇ ಬಂದು ನಿಂತಿತು. ಆ ಏಳು ಮನೆಗಳು ಒಂದು ದಡ, ಈ ಅಂಗಡಿ ಇನ್ನೊಂದು ದಡ. ನಡುವೆ ನಿಂತಿರುವ ಇಡೀ ಎರಡು ಬೀದಿ ಒಂದು ಕಾಲಕ್ಕೆ ನೀರು.

ಮೇಷ್ಟ್ರು ಗಿರಾಕಿಗಳ ಕುರ್ಚಿಯಲ್ಲಿ ಕೂತರು.

“ನಮ್ಮಪ್ಪ ಸುಳ್ಳು ಹೇಳಿದ್ದಲ್ಲ,” ಎಂದರು. “ಅವರಿಗೆ ಕುದುರೆ ಅಂದ್ರೆ ಪ್ರಾಣ. ಬಳೆ ಕಂಡಲ್ಲೆಲ್ಲ ಕುದುರೆ ಕಾಣ್ತಿತ್ತು. ನಾನು ಒಂದು ಸಲವೂ ಬಗ್ಗಿ ನೋಡ್ಲಿಲ್ಲ, ಅದೇ ತಪ್ಪು.”

ನಾದಿನಿ ಅವರ ಪಕ್ಕದ ಬೆಂಚಿನಲ್ಲಿ ಕೂತು, ಹಳೇ ಚೀಟಿ ಕೀಳಬೇಡಿ, ಅದರ ಕೆಳಗೇ ಹೊಸದನ್ನು ಅಂಟಿಸಿ ಎಂದಳು. ಮೊದಲು ಹಾಗಂದುಕೊಂಡಿದ್ದರು ಎನ್ನುವುದೂ ಈ ಊರಿನ ಚರಿತ್ರೆಯೇ ಅಲ್ಲವೇ ಎಂದಳು. ಮೇಷ್ಟ್ರ ಮುಖ ಸಡಿಲವಾಯಿತು. ಆ ಸಂಜೆಯೇ ಹೊಸ ಚೀಟಿ ಬರೆದರು. ಅಳೆದವರ ಹೆಸರಿನ ಸಾಲಿನಲ್ಲಿ ಮೇಸ್ತ್ರಿಯನ್ನೂ ಸೇರಿಸಿದರು, ಸೀಮೆಸುಣ್ಣ ಹಿಡಿದ ಅತ್ತಿಗೆಯನ್ನೂ.

ಆ ನೀರು ಸಮುದ್ರಕ್ಕೆ ಸೇರುತ್ತಿದ್ದದ್ದು ಎಲ್ಲಿ ಎಂಬುದು ಮಾತ್ರ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು. ನಾಳೆ ಬರುವುದಿಲ್ಲ, ಇನ್ನೆರಡು ದಿನ ಬೇಕು ಎಂದಳು. ಅಷ್ಟು ಚೆನ್ನಾಗಿದೆಯಾ ಸಮುದ್ರ ಎಂದು ಅವನು ಕೇಳಿದ.

“ಸಮುದ್ರ ಎಲ್ರೀ ನೋಡಿದೆ,” ಎಂದಳು ಅತ್ತಿಗೆ. “ನಿಮ್ಮ ತಂಗಿ ನನ್ನ ಕೈಯಲ್ಲಿ ಊರು ಅಳೆಸ್ತಿದಾಳೆ.”