ಬೆಡ್‌ಶೀಟ್ ಮಡಿಸುವ ಶಾಟ್

"ಕಟ್!" ಎಂದು ಕೂಗಿದ್ದು ರಾಗಿಣಿ.

ಬಸವೇಶ್ವರನಗರದ ಮನೆಯೊಂದರ ತಾರಸಿಯಲ್ಲಿ ಸತ್ಯವತಿ ಟೀಚರ್ ಬೆಡ್‌ಶೀಟಿನ ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿಕೊಂಡು, ಇನ್ನೊಂದು ತುದಿಯನ್ನು ಎದುರಿನ ಖಾಲಿ ಜಾಗಕ್ಕೆ ಚಾಚಿ ನಿಂತಿದ್ದರು, ಯಾರೋ ಬಂದು ಹಿಡಿದುಕೊಳ್ಳಲಿ ಎನ್ನುವಂತೆ. ಕೂಗಿಗೆ ಬೆಚ್ಚಿ ಕೈ ಇಳಿಸಿದರು. ಶೀಟು ನೆಲಕ್ಕೆ ಜಾರಿತು.

"ಸಾರಿ ಆಂಟಿ, ಮಾರ್ಕ್ ಬಿಟ್ಟು ಮುಂದೆ ಬಂದ್ಬಿಟ್ರಿ. ಮುಖ ಮಸುಕಾಯ್ತು." ರಾಗಿಣಿ ಕ್ಯಾಮೆರಾದ ಹಿಂದಿನಿಂದಲೇ ನೆಲಕ್ಕೆ ಅಂಟಿಸಿದ್ದ ಟೇಪನ್ನು ತೋರಿಸಿದಳು.

ಕೆಂಗೇರಿಯ ಕಾಲೇಜೊಂದರಲ್ಲಿ ಸಿನಿಮಾ ಓದುತ್ತಿದ್ದ ಮೂವರ ಕೊನೆಯ ವರ್ಷದ ಕಿರುಚಿತ್ರ ಅದು. ಗಂಡ ತೀರಿಕೊಂಡ ಮೇಲೆ ಡಬಲ್ ಬೆಡ್‌ಶೀಟನ್ನು ಮೊದಲ ಸಲ ಒಬ್ಬಳೇ ಮಡಿಸುವ ಹೆಂಗಸಿನ ಕಥೆ. ಬರೆದು ನಿರ್ದೇಶಿಸುತ್ತಿದ್ದವನು ಸುಘೋಷ್. ಕ್ಯಾಮೆರಾ ರಾಗಿಣಿಯದು, ಸೌಂಡ್ ರಕ್ಷಾಳದು. ಸತ್ಯವತಿ ಹೈಸ್ಕೂಲಿನಲ್ಲಿ ಸುಘೋಷನಿಗೆ ಗಣಿತ ಕಲಿಸಿದವರು, ಎಂದೂ ನಟಿಸಿದವರಲ್ಲ. ಹೋದ ವರ್ಷವಷ್ಟೇ ಅವರ ಯಜಮಾನರು ತೀರಿಕೊಂಡಿದ್ದರು. ಹಾಗಾಗಿ ಸುಘೋಷ್ ಕೇಳಲು ಹಿಂಜರಿದಿದ್ದ. ಕಥೆ ಕೇಳಿದ ಅವರೇ, "ಕೈಲಾದ್ರೆ ಮಾಡ್ತೀನಪ್ಪ," ಎಂದಿದ್ದರು.

ಸುಘೋಷನದು ನಿಧಾನದ ಸ್ವಭಾವ. ಒಂದು ಮಾತು ಆಡುವ ಮುಂಚೆ ಹತ್ತು ಸಲ ಗಡ್ಡ ಕೆರೆದುಕೊಳ್ಳುತ್ತಿದ್ದ. ಬೆಳಗಿನಿಂದಲೂ ಅಷ್ಟರೊಳಗೆ ರಾಗಿಣಿಯೇ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದಳು. ಮೈಕು ಎಲ್ಲಿರಬೇಕೆಂದು ರಕ್ಷಾಳಿಗೆ ಹೇಳಿದಳು, ಟೀಚರ್ ಉಟ್ಟಿದ್ದ ಸೀರೆ ಬದಲಾಯಿಸಿದಳು. ಯಾರೂ ಬೇಡ ಅನ್ನಲಿಲ್ಲ. ಅವಳು ಹೇಳಿದ್ದು ಬಹುಪಾಲು ಸರಿಯಾಗಿಯೇ ಇರುತ್ತಿತ್ತು.

"ಆಂಟಿ, ಆಗ ಕೈ ಚಾಚಿದ್ರಲ್ಲ, ಅದನ್ನೇ ಮಾಡಿ. ಸ್ವಲ್ಪ ಹಿಂದೆ ನಿಂತ್ಕೊಂಡು."

ಅದೇ ಹೊತ್ತಿಗೆ ಸುಘೋಷ್, "ಬೇಡ ಟೀಚರ್, ಮೊದಲಿಂದ ಮಡಿಸಿ, ಸಾಕು," ಎಂದ.

ಸತ್ಯವತಿ ಇಬ್ಬರನ್ನೂ ನೋಡಿದರು. ಕೊನೆಗೆ ಕೈ ಚಾಚಿದರು. ಈ ಸಲ ಅದು ಬಸ್ಸಿಗೆ ಕೈ ಅಡ್ಡ ಹಿಡಿದಂತಿತ್ತು. ಅವರಿಗೇ ಗೊತ್ತಾಗಿ ನಿಲ್ಲಿಸಿದರು.

"ಆಗ ಏನು ಮಾಡಿದೆ ಅಂತ ನಂಗೇ ಗೊತ್ತಿಲ್ಲ ಕಣಮ್ಮ, ಹಾಗೇ ಬಂತು. ಇಬ್ರೂ ಹೇಳಿದ್ರೆ ಯಾರ ಮಾತು ಕೇಳ್ಲಿ?" ಎಂದು ನೀರು ಕುಡಿಯಲು ಕೆಳಗಿಳಿದರು.

ರಕ್ಷಾ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡಳು. "ಅವರ ಉಸಿರು ಕೇಳಿಸ್ತಿತ್ತು ಕಣೇ," ಎಂದಳು ರಾಗಿಣಿಗೆ. "ನೀನು ಕೂಗೋ ಮುಂಚೆ."

ಸುಘೋಷ್ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ನಿಂತಿದ್ದ. ರಾಗಿಣಿ ಅವನ ಹಿಂದೆಯೇ ಹೋದಳು.

"ಫೋಕಸ್ ಹೋಗಿತ್ತು ಕಣೋ. ಅದನ್ನ ಇಟ್ಕೊಂಡು ಏನು ಮಾಡ್ತಿದ್ದೆ?"

"ಮಸುಕಾಗೇ ಇಟ್ಕೋತಿದ್ದೆ."

"ನೀನಂತೂ ಬಾಯಿ ಬಿಡಲ್ಲ. ಯಾರಾದ್ರೂ ಹೇಳ್ಬೇಕಲ್ಲ?"

"ನಿಜ. ನೀನು ನೋಡ್ಕೋತೀಯ ಅಂತ ಬೆಳಗ್ಗೆಯಿಂದ ಆರಾಮಾಗಿದ್ದೆ. ಅದು ನನ್ನ ತಪ್ಪು." ಅವನು ಗಡ್ಡಕ್ಕೆ ಕೈ ಹಾಕಿದ. ಅವಳು ಬಾಯಿ ತೆರೆದವಳು ಕಾದಳು. "ಆದ್ರೆ ಆಗ ನಾನು ಸುಮ್ನೆ ನಿಂತಿರ್ಲಿಲ್ಲ ರಾಗಿಣಿ, ನೋಡ್ತಿದ್ದೆ. ಕಟ್ ಹೇಳೋದು ನನ್ನ ಕೆಲಸ. ತಡ ಆದ್ರೂ ನಾನೇ ಹೇಳ್ಬೇಕು."

ಅವಳಿಗೆ ಸಿಟ್ಟು ಬಂತು. ಲೆನ್ಸ್ ಬದಲಿಸುವುದನ್ನು ಇವನಿಗೆ ಕಲಿಸಿದವಳೇ ಅವಳು. ಎಲ್ಲ ಬ್ಯಾಗಿಗೆ ತುಂಬಿ ಹೊರಟುಬಿಡಲೇ ಅನ್ನಿಸಿತು. ಆದರೆ ರಕ್ಷಾ ಹೇಳಿದ ಮಾತು ತಲೆಯಿಂದ ಹೋಗಲಿಲ್ಲ. ಆ ಕ್ಷಣದಲ್ಲಿ ತಾನು ನೋಡುತ್ತಿದ್ದದ್ದು ಟೀಚರ್ ಕಣ್ಣಿನ ರೆಪ್ಪೆ ಸ್ಪಷ್ಟವಾಗಿದೆಯೋ ಇಲ್ಲವೋ ಎಂಬುದನ್ನು. ಆ ಕಣ್ಣಿನಲ್ಲಿ ಏನಿತ್ತೆಂದು ಎಷ್ಟು ನೆನೆದರೂ ಅವಳಿಗೆ ನೆನಪಾಗಲಿಲ್ಲ.

ಸತ್ಯವತಿ ಮೇಲೆ ಬಂದಾಗ ಅವಳೇ ಎದುರು ಹೋದಳು. "ಆಂಟಿ, ನಾನು ಕೂಗಬಾರದಿತ್ತು."

"ಹೋಗ್ಲಿ ಬಿಡಮ್ಮ. ಬಿಸಿಲು ಇಳೀತಿದೆ, ಶುರು ಮಾಡಿ."

ರಾಗಿಣಿ ಸುಘೋಷನ ಕಡೆ ತಿರುಗಿದಳು. "ಮಾರ್ಕ್ ಬೇಕಾ?"

ಅವನು ಯೋಚಿಸಿದ. ಗಡ್ಡ ಕೆರೆದುಕೊಂಡ. "ಬೇಡ," ಎಂದ. ಅವಳು ಬಗ್ಗಿ ಟೇಪನ್ನು ಕಿತ್ತಳು.

ಈ ಸಲ ಸತ್ಯವತಿ ಕೈ ಚಾಚಲಿಲ್ಲ. ಶೀಟನ್ನು ತಾರಸಿಯ ಮೋಟುಗೋಡೆಯ ಮೇಲೆ ಹರಡಿ, ಅರ್ಧಕ್ಕೆ ಎಳೆದು, ಅಂಗೈಯಿಂದ ಸುಕ್ಕು ತೀಡಿ, ಮತ್ತೆ ಅರ್ಧಕ್ಕೆ ಎಳೆದರು. ಒಂದು ಅಂಚು ಇನ್ನೊಂದಕ್ಕೆ ಕೂಡಲಿಲ್ಲ. ಸರಿಮಾಡಲು ಹೋಗಿ, ಬಿಟ್ಟುಬಿಟ್ಟರು. ಮಡಿಸಿದ ಶೀಟನ್ನು ಎದೆಗವಚಿಕೊಂಡು ಮೆಟ್ಟಿಲತ್ತ ನಡೆದರು. ಕ್ಯಾಮೆರಾದ ಚೌಕಟ್ಟು ಖಾಲಿಯಾಯಿತು.

ಮೊದಲಿನದು ಮತ್ತೆ ಸಿಗಲಿಲ್ಲ. ಇದು ಬೇರೆಯೇ. ಚೆನ್ನಾಗಿದೆಯೋ ಇಲ್ಲವೋ ರಾಗಿಣಿಗೆ ತಿಳಿಯಲಿಲ್ಲ. ಅವಳ ಬೆರಳು ಕ್ಯಾಮೆರಾ ನಿಲ್ಲಿಸುವ ಗುಂಡಿಯ ಮೇಲಿತ್ತು. ಸುಘೋಷ್ ಕಟ್ ಹೇಳಲಿಲ್ಲ.

ಅಷ್ಟರಲ್ಲಿ ಪಕ್ಕದ ತಾರಸಿಗೆ ಒಬ್ಬ ಹೆಂಗಸು ಬಕೆಟ್ ಹಿಡಿದು ಬಂದು, ಚೌಕಟ್ಟಿನ ಮಧ್ಯಕ್ಕೇ ನಿಂತಳು. 'ಅಕ್ಕಾ, ಸ್ವಲ್ಪ ಸೈಡಿಗೆ' ಎನ್ನುವ ಮಾತು ರಾಗಿಣಿಯ ನಾಲಿಗೆಯ ತುದಿಗೆ ಬಂತು. ಕತ್ತು ಹೊರಳಿಸಿ ಸುಘೋಷನನ್ನು ನೋಡಿದಳು. ಅವನು ಕಣ್ಣು ಕೀಳದೆ ನೋಡುತ್ತಿದ್ದ. ಅವಳು ಮತ್ತೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದಳು.

ಆ ಹೆಂಗಸು ಬಕೆಟ್ಟಿನಿಂದ ಒಂದು ಪುಟ್ಟ ಬಿಳಿ ಯೂನಿಫಾರ್ಮ್ ಶರ್ಟನ್ನು ಹಿಂಡಿ, ಜೋರಾಗಿ ಕೊಡವಿದಳು. ಹನಿಗಳು ಬಿಸಿಲಿಗೆ ಹಾರಿ, ಗೋಡೆಯ ಮೇಲೆ ಬಿದ್ದು ಆರತೊಡಗಿದವು.