ಅರ್ನೆಸ್ಟೀನ್ ಎತ್ತಿಕೊಟ್ಟ ನುಡಿ

ನಾವಿರುವ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಹಿರಿಯರ ಗಾಯನ ಮೇಳದಲ್ಲಿ ಕಪ್ಪು ಹೆಂಗಸು ಎಂದರೆ ಅರ್ನೆಸ್ಟೀನ್ ಒಬ್ಬಳೇ. 2021ರ ಫೆಬ್ರುವರಿಯಲ್ಲಿ ಕಪ್ಪು ಹೆಂಗಸರ ಸಂಗೀತವನ್ನು ಕೊಂಡಾಡಲೆಂದು ಕಾರ್ಯಕ್ರಮ ಮಾಡಿದೆವಲ್ಲ, ಅದರಿಂದ ಹೊರಗೆ ಬಿದ್ದವಳೂ ಅವಳೊಬ್ಬಳೇ. ಮದುಮಗಳನ್ನು ಬಿಟ್ಟು ಮದುವೆ ಮಾಡಿದ ಹಾಗೆ. ಸಿಟ್ಟು ಬಂತೇ ಎಂದು ನನ್ನನ್ನು ಕೇಳಬೇಡಿ. ಇನ್ನೂ ಇಳಿದಿಲ್ಲ.

ಕೊರೋನಾ ಕಾಲ, ಒಟ್ಟಿಗೆ ನಿಂತು ಹಾಡುವಂತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಪಿಯಾನೋ ಕೇಳುತ್ತ ಹಾಡಿ, ರೆಕಾರ್ಡ್ ಮಾಡಿ ಕಳಿಸಬೇಕು. ಮೇಳ ನಡೆಸುವ ಕ್ಯಾರಲ್ ಅವನ್ನೆಲ್ಲ ಜೋಡಿಸಿ ಯೂಟ್ಯೂಬಿನಲ್ಲಿ ತೋರಿಸುವಳು. ಹಾಡಿದವರ ದನಿ ಬಿಟ್ಟು ಬೇರೆ ಯಾವ ಸದ್ದೂ ಇರಕೂಡದು, ಇದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಮೇಲ್ ಬೇರೆ ಕಳಿಸಿದ್ದಳು.

ಅಷ್ಟರಲ್ಲಿ ಅರ್ನೆಸ್ಟೀನ್ ಬಿದ್ದು ಸೊಂಟ ಮುರಿದುಕೊಂಡು, ಮಗಳು ಡೆನೀಸ್ ಇರುವ ಲಾಸ್ ಏಂಜಲೀಸಿನ ಒಂದು ನರ್ಸಿಂಗ್ ಹೋಮ್ ಸೇರಿದ್ದಳು. ಮಗಳನ್ನೂ ಒಳಗೆ ಬಿಡುತ್ತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಹಾಸಿಗೆ ಪಕ್ಕದ ಫೋನ್ ಮಾತ್ರ. ಫೋನಿನಲ್ಲೇ ಹಾಡುತ್ತೇನೆ, ರೆಕಾರ್ಡ್ ಮಾಡಿಕೋ ಎಂದು ಕ್ಯಾರಲ್‌ಳನ್ನು ಕೇಳಿಕೊಂಡಳಂತೆ. ಫೋನಿನ ದನಿ ಚೆನ್ನಾಗಿರುವುದಿಲ್ಲ, ಮುಂದಿನ ವರ್ಷ ನೋಡೋಣ ಅಂದಳಂತೆ ಅವಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಎಂಬತ್ತು ದಾಟಿದವಳಿಗೆ ಮುಂದಿನ ವರ್ಷದ ಮಾತು.

ಕೊನೆಯ ಹಾಡಿನ ಮೂರನೇ ನುಡಿಯನ್ನು ಪಿಯಾನೋ ಇಲ್ಲದೆ ಒಬ್ಬರೇ ಹಾಡಬೇಕಿತ್ತು. ಅದು ಅರ್ನೆಸ್ಟೀನಳದು. ಕ್ಯಾರಲ್ ಅದನ್ನು ನನಗೆ ಕೊಟ್ಟಳು. ಬಿಳಿಯಳಲ್ಲದವಳು ಒಬ್ಬಳಾದರೂ ಪರದೆಯ ಮೇಲೆ ಕಾಣಲಿ ಎಂದಿರಬೇಕು. ನಾನು ಅರ್ನೆಸ್ಟೀನಳಿಗೆ ಫೋನ್ ಮಾಡಿ, ಒಲ್ಲೆ ಅನ್ನುತ್ತೇನೆ ಎಂದೆ.

"ಒಲ್ಲೆ ಅನ್ನಬೇಡ ಪ್ರೇಮಾ," ಅಂದಳು. "ಅದು ನಮ್ಮಜ್ಜಿ ಹತ್ತಿ ಬಿಡಿಸುವಾಗ ಹಾಡುತ್ತಿದ್ದ ಹಾಡು. ಅದರಲ್ಲಿ ಎಲ್ಲಾದರೂ ಒಂದು ಕಡೆ ನನ್ನ ದನಿ ಇರಬೇಕು. ನನಗೆ ಇನ್ನೇನೂ ಬೇಡ."

ನಾನು ಹುಬ್ಬಳ್ಳಿಯ ಭಜನಾ ಮಂಡಳಿಯಲ್ಲಿ ಹಾಡು ಕಲಿತವಳು. ಅಲ್ಲಿ ಒಬ್ಬರು ನುಡಿ ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ನಾನು ಯಾವತ್ತೂ ಹಿಡಿಯುವವಳು. ನೀನೇ ಶುರು ಮಾಡು ಎಂದರೆ ನನ್ನ ಬಾಯಿ ಕಟ್ಟುತ್ತದೆ. ಮೇಳದಲ್ಲೂ ಅರ್ನೆಸ್ಟೀನಳ ಪಕ್ಕದಲ್ಲೇ ನಿಂತು, ಅವಳು ಎತ್ತಿದ ಮೇಲೆಯೇ ಹಾಡುತ್ತಿದ್ದೆ. ಅವರ ಚರ್ಚಿನಲ್ಲೂ ಇದೇ ಪದ್ಧತಿಯಂತೆ. ಅದಕ್ಕೇ ನಮ್ಮಿಬ್ಬರಿಗೂ ಕೂಡಿಬಂದಿತ್ತು.

"ಹಾಗಾದರೆ ನೀನು ಎತ್ತಿಕೊಡು, ನಾನು ಹಿಡಿಯುತ್ತೇನೆ," ಎಂದೆ.

ಅಡುಗೆಮನೆಯ ಕಟ್ಟೆಯ ಮೇಲೆ ಟ್ಯಾಬ್ ನಿಲ್ಲಿಸಿ, ಪಕ್ಕದಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಇಟ್ಟೆ. ಅವಳು ಎತ್ತಿದಳು, ನಾನು ಹಿಡಿದೆ. ನಡುವೆ ಅವಳು ಉಸಿರು ಸಾಲದೆ ನಿಂತಳು. ನಾನೂ ನಿಂತೆ. ಮತ್ತೆ ಎತ್ತಿಕೊಂಡಳು, ಮುಗಿಸಿದೆವು.

"ಈಗ ನನ್ನನ್ನು ಹೊರಗೆ ಹಾಕಲಿ, ನೋಡೋಣ," ಎಂದು ಕೆಮ್ಮುತ್ತಲೇ ನಕ್ಕಳು.

ನನ್ನ ಮಗ ಗಗನ್‌ನ ಕೈಗೆ ಟ್ಯಾಬ್ ಕೊಟ್ಟೆ. ಫೋನಿನಲ್ಲಿ ಮಾತಾಡುವಾಗ ಹಿಂದಿನ ಗದ್ದಲ ಕೇಳಿಸದಂತೆ ಮಾಡುವುದು ಅವನ ಆಫೀಸಿನ ಕೆಲಸ. "ಇದ್ದದ್ದು ಇದ್ದಂಗ ಕ್ಯಾರಲ್‌ಗೆ ಕಳಸು. ಏನೂ ಮುಟ್ಟಬ್ಯಾಡ," ಎಂದೆ. "ಆತು ಯವ್ವಾ," ಅಂದ. ಕ್ಯಾರಲ್ ಬೇಡ ಅನ್ನಲಿಲ್ಲ.

ಜನವರಿಯಲ್ಲಿ ಆ ನರ್ಸಿಂಗ್ ಹೋಮಿಗೆ ಕೊರೋನಾ ಹೊಕ್ಕಿತು. ಅರ್ನೆಸ್ಟೀನ್ ಹೋದಳು. ಡೆನೀಸಳಿಗೆ ತಾಯಿಯ ಮುಖ ನೋಡಲೂ ಆಗಲಿಲ್ಲ. ಫೋನ್ ಮಾಡಿ ಅತ್ತಳು. ಅಮ್ಮ ಒಬ್ಬಳೇ ಹಾಡಿದ್ದರ ರೆಕಾರ್ಡಿಂಗ್ ನನ್ನ ಹತ್ತಿರ ಒಂದೂ ಇಲ್ಲ, ಮುಂದೆ ಮಾಡಿಕೊಂಡರಾಯಿತು ಎಂದು ಬಿಟ್ಟೆ ಅಂದಳು.

"ಇದೆ ನನ್ನವ್ವ," ಎಂದೆ. "ಕೊನೆಯ ಹಾಡಿನ ಮೂರನೇ ನುಡಿಗೆ ಕಿವಿ ಕೊಡು. ನಿಮ್ಮಮ್ಮ ಬರುತ್ತಾಳೆ."

ಕಾರ್ಯಕ್ರಮದ ದಿನ ಗಗನ್ ಮನೆಯ ಟಿವಿಯಲ್ಲಿ ಹಾಕಿದ. ಕೊನೆಯ ಹಾಡು ಬಂತು, ಮೂರನೇ ನುಡಿ ಬಂತು. ಕೇಳಿದ್ದು ನನ್ನ ದನಿ. ನನ್ನದೊಂದೇ. ಅರ್ನೆಸ್ಟೀನ್ ಉಸಿರಿಗಾಗಿ ನಿಂತಲ್ಲಿ ಟಿವಿಯೊಳಗೆ ನಾನೂ ಬಾಯಿ ತೆರೆದುಕೊಂಡು ನಿಂತಿದ್ದೆ. ಯಾರಿಗಾಗಿ ನಿಂತಿದ್ದೇನೆ ಎಂಬುದು ನೋಡುವವರಿಗೆ ತಿಳಿಯುವಂತಿರಲಿಲ್ಲ.

"ಹೆಂಗ್ ಕ್ಲೀನ್ ಬಂದೈತಿ ನೋಡು ಯವ್ವಾ," ಅಂದ ಗಗನ್. "ಹಿಂದ ಫೋನಿಂದು ಯಾವುದೋ ದನಿ ಬರ್ತಿತ್ತು. ಅದಿದ್ರ ಕ್ಯಾರಲ್ ರಿಜೆಕ್ಟ್ ಮಾಡ್ತಿದ್ಲು. ನಾನ ತಗದು ಕಳಿಸ್ದೆ."

ಅವನ ಕಡೆ ತಿರುಗಿದೆ. "ಮದಲಿಂದು ಎಲ್ಲೈತಿ?"

"ಟ್ಯಾಬ್ ಫುಲ್ ಆಗಿತ್ತು. ಡಿಲೀಟ್ ಮಾಡೀನಿ."

"ಮುಟ್ಟಬ್ಯಾಡ ಅಂದಿದ್ನೆಲ್ಲೋ."

"ನಿನ್ನ ಸಲುವಾಗೇ ಮಾಡಿದ್ನಿ."

ಅದು ಯಾರ ದನಿ ಎಂದು ಹೇಳಿದೆ. ನಲವತ್ತು ದಾಟಿದ ಮಗನ ಮೇಲೆ ಕೈ ಎತ್ತಿದೆ. ಅವನ ಮುಖ ನೋಡಿ ಇಳಿಸಿದೆ. ಅವನು ಟ್ಯಾಬ್ ಹಿಡಿದು ಎಲ್ಲೆಲ್ಲೋ ಹುಡುಕಿದ. ಸಿಗಲಿಲ್ಲ.

ಅಷ್ಟರಲ್ಲಿ ಡೆನೀಸಳ ಫೋನ್ ಬಂತು.

"ಮಿಸ್ ಪ್ರೇಮಾ, ಮೂರನೇ ನುಡಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಅಮ್ಮ ಎಲ್ಲಿದ್ದಾಳೆ? ನನಗೇ ಕೇಳಿಸುತ್ತಿಲ್ಲವೋ ಏನೋ."

ಇದ್ದಾಳೆ, ಸಣ್ಣಗೆ ಇದ್ದಾಳೆ ಎನ್ನುವ ಸುಳ್ಳು ತುದಿನಾಲಿಗೆಗೆ ಬಂತು. ಅಂದಿದ್ದರೆ ಆ ಹುಡುಗಿ ಬದುಕಿರುವ ತನಕ ಅದನ್ನೇ ಹಾಕಿಕೊಂಡು ಹುಡುಕುತ್ತ ಕೂರುತ್ತಿದ್ದಳು.

"ಇಲ್ಲವ್ವ," ಎಂದೆ. "ಇದ್ದಳು. ನನ್ನ ಮಗ ಬೇಡದ ಸದ್ದು ಅಂದುಕೊಂಡು ಅಳಿಸಿಬಿಟ್ಟ."

"ಬೇಡದ ಸದ್ದು," ಅಂದಳು. ಆಮೇಲೆ, "ಅಮ್ಮ ಹೇಗೆ ಹಾಡಿದಳು ಅಂತ ನೀವಾದರೂ ಹಾಡಿ ತೋರಿಸಿ," ಅಂದಳು.

ಫೋನನ್ನು ಬಾಯಿಯ ಹತ್ತಿರ ಹಿಡಿದೆ. ಪದ ಒಂದೂ ಮರೆತಿರಲಿಲ್ಲ. ಬಾಯಿ ತೆರೆದೆ. ದನಿ ಹೊರಡಲಿಲ್ಲ. ಆ ಕಡೆ ಡೆನೀಸ್ ನನಗಾಗಿ ಕಾಯುತ್ತಿದ್ದಳು. ಈ ಕಡೆ ನಾನು ಅವಳಮ್ಮ ಎತ್ತಿಕೊಡಲಿ ಎಂದು ಕಾಯುತ್ತಿದ್ದೆ.